ತಿರುಗಣೆಯೂ ನಾಗರಿಕ ಧರ್ಮವೂ

ಸಾರ್ವಜನಿಕ ಸ್ವತ್ತನ್ನು ಸ್ವಂತ ಸ್ವತ್ತಿನಂತೆಯೇ ಕಾಪಾಡಬೇಕೆಂಬ ಪಾಠವನ್ನು ಪೌರನೀತಿಯ ಪುಸ್ತಕದಲ್ಲಿ ಓದದ ವಿದ್ಯಾರ್ಥಿಯು ನಮ್ಮಲ್ಲಿ ಒಬ್ಬನೂ ಇರಲಾರನು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಪೂರ್ಣ ಅಂಕಗಳನ್ನು ಗಳಿಸುವುದೂ ಕಷ್ಟವಲ್ಲ. ಆದರೆ ಉತ್ತರವನ್ನು ಬರೆದು ಹೊರಬಂದ ಅದೇ ವಿದ್ಯಾರ್ಥಿಯು ನೀರು ಕುಡಿದು ನಲ್ಲಿಯನ್ನು ಅರ್ಧ ತೆರೆದೇ ಬಿಟ್ಟು ಹೋಗುವನು. ವಾಚನಾಲಯದ ಪುಸ್ತಕದಿಂದ ತನಗೆ ಬೇಕಾದ ಚಿತ್ರವನ್ನು ಹರಿದುಕೊಳ್ಳುವನು. ಬೆಂಚಿನ ಮೇಲೆ ಕೈವಾರದ ಮುಳ್ಳಿನಿಂದ ತನ್ನ ಹೆಸರನ್ನು ಕೆತ್ತುವನು. ಅವನು ದುಷ್ಟನಲ್ಲ. ತನ್ನ ಬಳಿಕ ಅದೇ ನಲ್ಲಿಗೆ, ಅದೇ ಪುಸ್ತಕಕ್ಕೆ, ಅದೇ ಬೆಂಚಿಗೆ ಮತ್ತೊಬ್ಬರು ಬರುವರೆಂಬುದು ಅವನ ಬುದ್ಧಿಗೆ ತಿಳಿದಿದೆ, ಕೈಗೆ ತಿಳಿದಿಲ್ಲ.

ಈ ಪಾಠವನ್ನು ಕೈಗೆ ಕಲಿಸಬಲ್ಲ ಗುರುವನ್ನು ನಾನು ಬಲ್ಲೆ. ಹಲವರು ಸೇರಿ ಬಳಸುವ ಕಾರ್ಯಾಗಾರದಲ್ಲಿ ನಿಂತಿರುವ, ಕೈಯಿಂದ ನಡೆಸುವ ಲೇತ್ ಯಂತ್ರವೇ ಆ ಗುರು. ನಮ್ಮ ಪ್ರೌಢಶಾಲೆಗಳಲ್ಲಿ ಅಂತಹ ಒಂದು ಯಂತ್ರವಿರಬೇಕು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅದರ ಮುಂದೆ ಸರದಿಯಂತೆ ನಿಂತು ಕೆಲಸ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಟರ್ನರ್‌ಗಳಾಗಲೆಂದು ಹೀಗೆ ಹೇಳುತ್ತಿಲ್ಲ. ತನ್ನ ಕೆಲಸ ಮುಗಿಯುವುದು ತನ್ನ ವಸ್ತು ಸಿದ್ಧವಾದಾಗಲ್ಲ, ಮುಂದೆ ಬರುವವರು ಅದೇ ಯಂತ್ರವನ್ನು ನಿರ್ಭಯವಾಗಿ ಚಾಲೂ ಮಾಡಬಹುದಾದಾಗ ಎಂಬ ಅರಿವು ಎಲ್ಲರಿಗೂ ಬರಲೆಂದು ಹೇಳುತ್ತಿದ್ದೇನೆ.

ಲೇತ್ ಯಂತ್ರವನ್ನು ಕಾಣದವರಿಗಾಗಿ ಎರಡು ಮಾತು. ಇದು ನಮಗೆ ಹೊಸದಲ್ಲ. ಕನ್ನಡದಲ್ಲಿ ಇದಕ್ಕೆ ತಿರುಗಣೆ ಎಂಬ ಹೆಸರಿದೆ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯವನ್ನೋ, 1117ರ ಬೇಲೂರಿನ ಚೆನ್ನಕೇಶವ ದೇವಾಲಯವನ್ನೋ ನೋಡಿದವರು ಅಲ್ಲಿಯ ನುಣುಪಾದ ಕಂಬಗಳನ್ನು ಮರೆಯಲಾರರು. ಕಂಬದ ಮೈಮೇಲೆ ಬಳೆ ತೊಡಿಸಿದಂತೆ ಒಂದರ ಕೆಳಗೊಂದು ಸುತ್ತುಗಳು. ಎಲ್ಲಿ ನೋಡಿದರೂ ಒಂದೇ ದುಂಡು. ಬಳಪದ ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ತಾಗಿಸಿ ಕಡೆದ ಕಂಬಗಳೆಂದು ವಿದ್ವಾಂಸರು ಹೇಳುವರು. ಚನ್ನಪಟ್ಟಣದ ಬೊಂಬೆಗಾರನು ಮರದ ತುಂಡನ್ನು ತಿರುಗಿಸುತ್ತ, ಅದರ ಮೈಗೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದು, ಉಜ್ಜುವಿಕೆಯ ಬಿಸಿಯಿಂದಲೇ ಬಣ್ಣವನ್ನು ಏರಿಸುವುದೂ ಇದೇ ತತ್ತ್ವದಿಂದ. ಕುಂಬಾರನ ಚಕ್ರದಲ್ಲಿ ಮಣ್ಣು ತಿರುಗುವಂತೆ ಇಲ್ಲಿ ಕಲ್ಲು, ಮರ ಅಥವಾ ಲೋಹವು ತಿರುಗುವುದು. ಉಳಿಯು ಅದನ್ನು ಕಡೆಯುವುದು.

ಲೋಹವನ್ನು ಕಡೆಯುವ ಲೇತ್‌ನಲ್ಲಿ ಉಳಿಯನ್ನು ಕೈಯಿಂದ ಹಿಡಿಯುವಂತಿಲ್ಲ. ಉದ್ದನೆಯ ಬೆಡ್ಡಿನ ಎಡತುದಿಯಲ್ಲಿ ಚಕ್ಕು ಎಂಬ ಹಿಡಿಕೆಯಿರುವುದು. ಅದರ ಮೂರು ದವಡೆಗಳು ಲೋಹದ ಸರಳನ್ನು ಕಚ್ಚಿ ಹಿಡಿಯುವುವು. ಆ ದವಡೆಗಳನ್ನು ಬಿಗಿಮಾಡಲು ಒಂದು ಕೀಲಿಯುಂಟು. ಅದನ್ನು ಚಕ್ ಕೀ ಎನ್ನುವರು. ಉಳಿಯು ಒಂದು ಗಟ್ಟಿಯಾದ ಜಾರುಪೀಠದ ಮೇಲೆ ಕುಳಿತಿರುವುದು. ಚಿಕ್ಕ ಚಕ್ರಗಳನ್ನು ಕೈಯಿಂದ ತಿರುಗಿಸಿ ಅದನ್ನು ಮುಂದಕ್ಕೂ ಪಕ್ಕಕ್ಕೂ ಸರಿಸಬಹುದು. ಆ ಚಕ್ರಗಳ ಮೇಲೆ ಮಿಲಿಮೀಟರಿನ ಭಾಗಗಳನ್ನು ಸೂಚಿಸುವ ಗೆರೆಗಳಿರುವುವು.

ಈ ಜಾರುಪೀಠವನ್ನೂ, ತಿರುಪನ್ನು ನಿಖರವಾಗಿ ಕಡೆಯುವ ವ್ಯವಸ್ಥೆಯನ್ನೂ ಒಂದೇ ಯಂತ್ರದಲ್ಲಿ ಸಮರ್ಪಕವಾಗಿ ಕೂಡಿಸಿ, 1800ರ ಸುಮಾರಿಗೆ ಬಳಕೆಗೆ ತಂದವನು ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ. ಅವನ ಯಂತ್ರಕ್ಕಿಂತಲೂ ನನಗೆ ಹಿರಿದಾಗಿ ತೋರುವುದು ಅವನ ಕಾರ್ಯಾಗಾರ. ಜೋಸೆಫ್ ವಿಟ್‌ವರ್ತ್, ಜೇಮ್ಸ್ ನೇಸ್ಮಿತ್, ರಿಚರ್ಡ್ ರಾಬರ್ಟ್ಸ್ ಮೊದಲಾದ ಹೆಸರಾಂತ ಯಂತ್ರಶಿಲ್ಪಿಗಳು ಅಲ್ಲಿ ದುಡಿದು ಬೆಳೆದವರು. ಅಂದು ಒಂದು ಕಾರ್ಯಾಗಾರದ ಬೋಲ್ಟು ಮತ್ತೊಂದು ಕಾರ್ಯಾಗಾರದ ನಟ್ಟಿಗೆ ಹೊಂದುತ್ತಿರಲಿಲ್ಲ. ಪ್ರತಿಯೊಬ್ಬನದೂ ಒಂದೊಂದು ತಿರುಪು. 1841ರಲ್ಲಿ ವಿಟ್‌ವರ್ತನು ಎಲ್ಲರಿಗೂ ಒಂದೇ ಅಳತೆಯ ತಿರುಪನ್ನು ಸೂಚಿಸಿದನು. ತಾನು ಕಾಣದ, ತನ್ನ ಹೆಸರನ್ನೂ ಕೇಳದ ಮತ್ತೊಬ್ಬನು ಮಾಡಿದ ನಟ್ಟಿಗೆ ತನ್ನ ಬೋಲ್ಟು ಕೂಡಬೇಕೆಂಬ ಯೋಚನೆ ಅದು. ಇಂದು ನಮ್ಮ ಸೈಕಲ್ಲಿನ ಒಂದು ನಟ್ಟು ಕಳೆದರೆ ಬೇರೆ ಊರಿನ ಅಂಗಡಿಯಲ್ಲೂ ಅದು ದೊರಕುವುದು ಇಂತಹ ಯೋಚನೆಯ ಫಲವಾಗಿಯೇ.

ಇನ್ನು ನಮ್ಮ ಊರಿಗೆ ಬರೋಣ. ಪುರಸೈವಾಕ್ಕಂ ಎಂದೊಡನೆ ಜನರಿಗೆ ನೆನಪಾಗುವುದು ಜವಳಿ ಅಂಗಡಿಗಳು, ಪಾತ್ರೆಯ ಅಂಗಡಿಗಳು, ಗಂಗಾಧರೇಶ್ವರನ ದೇವಾಲಯ. ಆದರೆ ಅದರ ಉತ್ತರಕ್ಕಿರುವ ಪೆರಂಬೂರು ಯಂತ್ರಗಳ ಊರು. ಮದರಾಸು ರೈಲ್ವೆಯ ಕಾಲದಿಂದಲೂ ಅಲ್ಲಿ ರೈಲ್ವೆ ಕಾರ್ಯಾಗಾರಗಳಿವೆ. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಅವರು ರೈಲ್ವೆ ಬೋಗಿಗಳ ಕಾರ್ಖಾನೆಯನ್ನು ಉದ್ಘಾಟಿಸಿದ್ದು ಅಲ್ಲಿಯೇ. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು 1996ರಲ್ಲಿ ಮುಚ್ಚುವವರೆಗೂ ಸುತ್ತಲಿನ ಸಾವಿರಾರು ಮನೆಗಳಿಗೆ ಅನ್ನ ನೀಡಿದುವು. ಇಂತಹ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಚಿಕ್ಕ ಕಾರ್ಯಾಗಾರಗಳೂ ಹುಟ್ಟುವುವು. ತಮಿಳಿನಲ್ಲಿ ಅವುಗಳನ್ನು ಲೇತ್ ಪಟ್ಟರೆ ಎನ್ನುವರು. 1980ರ ದಶಕದಲ್ಲಿ, ಹೈಸ್ಕೂಲು ಮುಗಿಸಿದ ಬಳಿಕ, ಪುರಸೈವಾಕ್ಕಂನ ಒಂದು ಓಣಿಯೊಳಗಿನ ಅಂತಹ ಪಟ್ಟರೆಯಲ್ಲಿ ನಾನು ಕೆಲಸ ಕಲಿತೆನು. ನನ್ನ ತಂದೆಯವರು ದಕ್ಷಿಣ ಕನ್ನಡದಿಂದ ಬಂದು ಈ ನಗರದ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು.

ತಗಡಿನ ಮಾಡು, ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಸಾಣೆ ಹಿಡಿಯುವ ಒಂದು ಕಲ್ಲು: ಆ ಕಾರ್ಯಾಗಾರದ ಸಂಪತ್ತು ಇಷ್ಟೇ. ಆ ಒಂದು ಲೇತ್ ಯಂತ್ರವನ್ನು ನಾಲ್ವರು ಬಳಸುತ್ತಿದ್ದರು. ಯಜಮಾನರಾದ ಮೇಸ್ತ್ರಿಗಳು ಬೆಳಗ್ಗೆ; ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ತಮ್ಮ ತಮ್ಮ ಕೆಲಸವನ್ನು ಮಾಡಿಕೊಳ್ಳುವ ಇಬ್ಬರು ಹಿರಿಯ ಟರ್ನರ್‌ಗಳು ಮಧ್ಯಾಹ್ನ; ಸಂಜೆ ನಾನು. ಆದರೂ ಅವಸರದ ಕೆಲಸ ಬಂದಾಗ ಸರದಿಯು ಅದಲುಬದಲಾಗುತ್ತಿತ್ತು. ಒಬ್ಬನು ಬಿಟ್ಟ ಸ್ಥಳದಿಂದ ಮತ್ತೊಬ್ಬನು ಆರಂಭಿಸಬೇಕು. ಅಲ್ಲಿ ನನ್ನಿಂದ ಎರಡು ತಪ್ಪುಗಳು ಆದುವು. ಅವನ್ನು ಹೇಳಿಕೊಳ್ಳಲು ನಾಚಿಕೆಯಾದರೂ ಈ ಲೇಖನದ ಸಾರವೆಲ್ಲ ಅವುಗಳಲ್ಲೇ ಇರುವುದರಿಂದ ಹೇಳಲೇಬೇಕು.

ಮೊದಲನೆಯದು ಚಕ್ ಕೀಯ ತಪ್ಪು. ಒಂದು ದಿನ ಸರಳನ್ನು ಚಕ್ಕಿಗೆ ಬಿಗಿದು ಮುಗಿಸುವಷ್ಟರಲ್ಲಿ ಯಾರೋ ಹೊರಗಿನಿಂದ ಕರೆದರು. ಕೀಲಿಯನ್ನು ಚಕ್ಕಿನಲ್ಲಿಯೇ ಬಿಟ್ಟು ಹೋದೆನು. ಅಷ್ಟರಲ್ಲಿ ಹಿರಿಯ ಟರ್ನರ್ ಒಬ್ಬರು, ನಾನು ಕೆಲಸ ಮುಗಿಸಿ ಹೋಗಿರುವೆನೆಂದು ತಿಳಿದು, ಬೆಳಕಿಲ್ಲದ ಮೂಲೆಯಲ್ಲಿದ್ದ ಸ್ವಿಚ್ಚನ್ನು ಒತ್ತಿದರು. ಚಕ್ಕು ತಿರುಗಿತು, ಕೀಲಿಯು ಕವಣೆಯ ಕಲ್ಲಿನಂತೆ ಹಾರಿ ತಗಡಿನ ಗೋಡೆಯನ್ನು ಹರಿದುಕೊಂಡು ಹೋಯಿತು. ಅದು ಅವರ ತಲೆಯಿಂದ ಒಂದು ಗೇಣು ಅಂತರದಲ್ಲಿ ಹೋಗಿತ್ತು.

ಮೇಸ್ತ್ರಿಗಳು ನನ್ನನ್ನು ಬೈಯಲಿಲ್ಲ. ಮರುದಿನದಿಂದ ಒಂದು ವಾರ ನನಗೆ ಒಂದೇ ಕೆಲಸ ಕೊಟ್ಟರು. ಯಾರು ಲೇತ್ ಚಾಲೂ ಮಾಡುವುದಾದರೂ ಮೊದಲು ನಾನು ಆ ಕೀಲಿಯನ್ನು ಕೈಯಲ್ಲಿ ಹಿಡಿದು, ಕೈ ಮೇಲಕ್ಕೆತ್ತಿ ತೋರಿಸಬೇಕು. ಅದನ್ನು ಕಂಡ ಬಳಿಕವೇ ಅವರು ಸ್ವಿಚ್ಚನ್ನು ಒತ್ತಬೇಕು. ಮೊದಲ ದಿನ ಅವಮಾನವೆನಿಸಿತು. ಮೂರನೆಯ ದಿನ ಅಭ್ಯಾಸವಾಯಿತು. ವಾರ ಮುಗಿಯುವ ವೇಳೆಗೆ, ಕೀಲಿಯು ಚಕ್ಕಿನಲ್ಲಿರುವಾಗ ನನ್ನ ಕೈ ಅದನ್ನು ಬಿಟ್ಟುಬರುತ್ತಲೇ ಇರಲಿಲ್ಲ. ಇಂದಿಗೂ ಬರುವುದಿಲ್ಲ. ಕೈಗೆ ಕಲಿಸುವುದೆಂದರೆ ಇದು.

ಲೇತ್‌ನ ಇತರ ನಿಯಮಗಳೂ ಹೀಗೆಯೇ ಸರಳವಾದುವು, ನಿಷ್ಠುರವಾದುವು. ಸಡಿಲವಾದ ತೋಳು, ಕೊರಳಪಟ್ಟಿ, ದುಪಟ್ಟ, ಬಳೆ, ಉಂಗುರ, ಗಡಿಯಾರ ಇವೊಂದೂ ಇರಕೂಡದು. ಜಡೆಯನ್ನು ಎತ್ತಿ ಕಟ್ಟಿ ಮುಚ್ಚಿರಬೇಕು. ಕಣ್ಣಿಗೆ ಕನ್ನಡಕ ಬೇಕು. ಕೈಚೀಲ ತೊಡಬಾರದು, ಕೈಯನ್ನು ಕಾಪಾಡುವುದೆಂದು ತೋರುವ ಆ ಬಟ್ಟೆಯೇ ತಿರುಗುವ ಸರಳಿಗೆ ಸಿಕ್ಕಿ ಕೈಯನ್ನು ಒಳಕ್ಕೆಳೆಯುವುದು. ಸುರುಳಿಸುರುಳಿಯಾಗಿ ಬರುವ ಲೋಹದ ಸಿಪ್ಪೆಯು ಕ್ಷೌರದ ಕತ್ತಿಯಂತೆ ಹರಿತ; ಅದನ್ನು ಯಂತ್ರ ನಿಂತ ಮೇಲೆ ಕೊಕ್ಕೆಯಿಂದಲೋ ಬ್ರಷ್ಷಿನಿಂದಲೋ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಒಬ್ಬರೇ ಇರುವಾಗ ಲೇತ್ ನಡೆಸಬಾರದು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ರಾತ್ರಿಯ ವೇಳೆ ಒಬ್ಬಳೇ ಲೇತ್‌ನಲ್ಲಿ ಕೆಲಸ ಮಾಡುತ್ತಿರುವಾಗ ಕೂದಲು ಯಂತ್ರಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಬುದ್ಧಿವಂತಿಕೆಯು ಅಲ್ಲಿ ಕಡಮೆಯಿರಲಿಲ್ಲ. ಸ್ವಿಚ್ಚನ್ನು ಆರಿಸಬಲ್ಲ ಮತ್ತೊಂದು ಕೈ ಇರಲಿಲ್ಲ. ಹಲವರು ಸೇರಿ ಬಳಸುವ ಕಾರ್ಯಾಗಾರದಲ್ಲಿ ಪಕ್ಕದಲ್ಲಿರುವವನು ನಮ್ಮ ಸರದಿಗೆ ಅಡ್ಡಿಯಾಗಿ ನಿಂತವನಲ್ಲ, ನಮ್ಮ ಪ್ರಾಣರಕ್ಷಕನು ಎಂಬುದು ಇದರಿಂದ ತಿಳಿಯುವುದು.

ನನ್ನ ಎರಡನೆಯ ತಪ್ಪು ಇದಕ್ಕಿಂತ ಹೀನವಾದುದು. ಒಂದು ಸಂಜೆ ಉಳಿಯು ತಾನಾಗಿ ಮುಂದೆ ಸರಿಯುವಂತೆ ಮಾಡಿ, ಚಕ್ಕಿನ ಸಮೀಪದವರೆಗೆ ಕಡೆಯುತ್ತಿದ್ದೆನು. ಒಂದು ಗಳಿಗೆ ಮುಖ ತಿರುಗಿಸಿದೆ. ಉಳಿಯ ಪೀಠವು ತಿರುಗುತ್ತಿದ್ದ ದವಡೆಗೆ ಬಡಿದು ದೊಡ್ಡ ಸದ್ದಾಯಿತು. ಬೆಲ್ಟು ಜಾರಿ ಯಂತ್ರ ನಿಂತಿತು. ನೋಡಿದರೆ ಒಂದು ದವಡೆಯ ಅಂಚು ಜಜ್ಜಿಹೋಗಿತ್ತು. ಕಾರ್ಯಾಗಾರದಲ್ಲಿ ಆಗ ಯಾರೂ ಇರಲಿಲ್ಲ. ಜಜ್ಜಿದ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ, ಎಣ್ಣೆ ಸವರಿ, ಏನೂ ನಡೆಯದವನಂತೆ ಮನೆಗೆ ಹೋದೆನು. ಒಬ್ಬನೇ ಲೇತ್ ನಡೆಸಬಾರದೆಂಬ ನಿಯಮವನ್ನೂ ಅಂದು ನಾನು ಮುರಿದಿದ್ದೆನೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಪೆಟ್ಟಿನಿಂದ ಚಕ್ಕು ಕೂದಲೆಳೆಯಷ್ಟು ವಾರೆಯಾಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಪರೀಕ್ಷಿಸಿ ನೋಡುವ ಧೈರ್ಯವೂ ಇರಲಿಲ್ಲ. ವಾರೆಯಾದ ಚಕ್ಕಿನಲ್ಲಿಯೂ ಸರಳನ್ನು ಒಂದೇ ಹಿಡಿತದಲ್ಲಿ ಕಡೆದು ಮುಗಿಸಿದರೆ ದೋಷ ಕಾಣದು. ಅದೇ ಸರಳನ್ನು ಬಿಚ್ಚಿ, ತಲೆಕೆಳಗು ಮಾಡಿ ಹಿಡಿದು, ಉಳಿದರ್ಧವನ್ನು ಕಡೆದರೆ ಎರಡು ಅರ್ಧಗಳ ಕೇಂದ್ರಗಳು ಒಂದಾಗುವುದಿಲ್ಲ. ಮರುದಿನ ಹಿರಿಯ ಟರ್ನರ್ ಒಬ್ಬರಿಗೆ ಅವಸರದ ಕೆಲಸ ಬಂದಿತ್ತು. ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರಿನ ಶಾಫ್ಟು ಸವೆದಿದ್ದುದರಿಂದ ಹೊಸತನ್ನು ಮಾಡಿಕೊಡಬೇಕಿತ್ತು. ಎರಡು ದಿನಗಳ ಹಿಂದೆ ತಾವೇ ಚಕ್ಕನ್ನು ಡಯಲ್ ಗೇಜಿನಿಂದ ಪರೀಕ್ಷಿಸಿದ್ದರಿಂದ ಅವರು ಅದನ್ನು ನಂಬಿದರು. ಶಾಫ್ಟನ್ನು ತಿರುಗಿಸಿ ಹಿಡಿದು ಕಡೆದು ಕೊಟ್ಟರು.

ಆ ಗ್ರೈಂಡರು ನನ್ನ ತಂದೆಯವರು ದುಡಿಯುತ್ತಿದ್ದ ಹೋಟೆಲಿನದು. ಕೆಲಸವು ಪಟ್ಟರೆಗೆ ಬಂದುದೂ ಅವರ ಮೂಲಕವೇ. ಹೊಸ ಶಾಫ್ಟಿನೊಡನೆ ಗ್ರೈಂಡರು ನಡುಗುತ್ತ ತಿರುಗಿತು. ಎರಡನೆಯ ದಿನ ಸಂಜೆ ಬೇರಿಂಗು ಮುರಿದು ನಿಂತಿತು. ಮರುದಿನ ಬೆಳಗಿನ ದೋಸೆ ಇಡ್ಲಿಗಳಿಗೆ ಹಿಟ್ಟಿಲ್ಲ. ತಂದೆಯವರೂ ಇನ್ನಿಬ್ಬರೂ ಹಳೆಯ ಒರಳುಕಲ್ಲುಗಳನ್ನು ತೊಳೆದು, ನಡುರಾತ್ರಿ ಮೀರುವವರೆಗೂ ಕೈಯಿಂದ ರುಬ್ಬಿದರು. ಬೆಳಗ್ಗೆ ಅವರು ಮನೆಗೆ ಬಂದಾಗ ಅಂಗೈಯ ಬೊಬ್ಬೆಗಳಿಗೆ ತಾಯಿಯವರು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದುದನ್ನು ನೋಡಿದೆನು. ತಂದೆಯವರು ಯಾರನ್ನೂ ದೂರಲಿಲ್ಲ. "ಯಂತ್ರವಲ್ಲವೆ ಮಗಾ, ಕೆಡುತ್ತದೆ" ಎಂದರು.

ಅಂದೇ ಹೋಗಿ ಮೇಸ್ತ್ರಿಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆನು. ಹಿರಿಯ ಟರ್ನರ್ ಪಕ್ಕದಲ್ಲಿಯೇ ಇದ್ದರು. ತಮ್ಮ ಕೈ ತಪ್ಪಿತೆಂದು ನೊಂದುಕೊಂಡು ಮುಂಜಾನೆಯಿಂದ ಆ ಶಾಫ್ಟನ್ನೇ ಅಳೆಯುತ್ತ ಕುಳಿತಿದ್ದರು. ಮೇಸ್ತ್ರಿಗಳು ತಮಿಳಿನಲ್ಲಿ ಹೇಳಿದ ಮಾತಿನ ಅರ್ಥ ಇಷ್ಟು: "ತಂಬಿ, ಮುರಿದುದನ್ನು ರಿಪೇರಿ ಮಾಡಬಹುದು. ಮುಚ್ಚಿಟ್ಟುದನ್ನು ರಿಪೇರಿ ಮಾಡುವುದು ಹೇಗೆ?" ಬಳಿಕ ಅವರು ಲೇತ್‌ನ ಪಕ್ಕದ ಕಂಬಕ್ಕೆ ಒಂದು ಸ್ಲೇಟನ್ನು ತೂಗುಹಾಕಿದರು. ಯಂತ್ರವನ್ನು ಬಿಡುವವನು ತಾನು ಕಂಡ ದೋಷವನ್ನೂ, ತಾನು ಮಾಡಿದ ದೋಷವನ್ನೂ ಅದರಲ್ಲಿ ಬರೆದು ಹೋಗಬೇಕು. ಬರೆದವನನ್ನು ಬೈಯುವಂತಿಲ್ಲ. ಬರೆಯದೆ ಹೋದವನಿಗೆ ಆ ವಾರ ಲೇತ್ ಇಲ್ಲ. ನಾಲ್ಕು ಭಾಷೆಗಳ ಅಕ್ಷರಗಳು ಆ ಸ್ಲೇಟಿನ ಮೇಲೆ ಬಿದ್ದುವು. ತಮಿಳು, ತೆಲುಗು, ಕನ್ನಡ, ಕೆಲವೊಮ್ಮೆ ಇಂಗ್ಲಿಷು. ಎಲ್ಲರೂ ಎಲ್ಲವನ್ನೂ ಓದಲು ಕಲಿತರು. ಓದದಿದ್ದರೆ ಅವರ ಕೈಗೇ ಅಪಾಯ.

ಆ ಸ್ಲೇಟಿನ ನಿಯಮವನ್ನು ಯೋಚಿಸಿ ನೋಡಿರಿ. ದೋಷವನ್ನು ಹೇಳಿದವನಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟವನಿಗೆ ಶಿಕ್ಷೆ. ನಮ್ಮ ಶಾಲೆಗಳಲ್ಲಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ ನಡೆಯುವುದು. ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ಒಡೆಯಿತೆಂದು ತಾನಾಗಿ ಹೇಳಿದ ಹುಡುಗಿಯು ದಂಡ ತೆರುವಳು; ಒಡೆದುದನ್ನು ಪೆಟ್ಟಿಗೆಯ ತಳದಲ್ಲಿ ಅಡಗಿಸಿದವಳು ಜಾಣೆಯೆನಿಸುವಳು. ಮುಂದೆ ಆ ಪೆಟ್ಟಿಗೆಯೊಳಗೆ ಕೈ ಹಾಕುವವರ ಬೆರಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಂಚಿಕೊಂಡ ಯಂತ್ರದ ಮುಂದೆ ಈ ಜಾಣತನವು ನಾಲ್ಕು ದಿನವೂ ನಡೆಯದು.

ಮೂರನೆಯ ಪಾಠವು ಶುಚಿತ್ವದ್ದು. ಇದು ಸಮುದ್ರತೀರದ ಊರು. ಬೆಡ್ಡಿನ ಮೇಲೆ ಎಣ್ಣೆಯ ತೆಳು ಪೊರೆಯಿಲ್ಲದಿದ್ದರೆ ಐಪ್ಪಸಿ ಕಾರ್ತಿಕ ಮಾಸಗಳ ಮಳೆಗಾಳಿಗೆ ಬಲುಬೇಗ ತುಕ್ಕು ಹಿಡಿಯುವುದು. ಸಿಪ್ಪೆಯನ್ನು ಗುಡಿಸದೆ ಹೋದರೆ ಅದರ ಚೂರುಗಳು ಜಾರುಪೀಠದ ಅಡಿಗೆ ಸೇರಿ ಬೆಡ್ಡನ್ನು ಗೀರುವುವು. ಬೆಡ್ಡು ಸವೆದರೆ ಆ ಲೇತ್‌ನಲ್ಲಿ ಮುಂದೆ ಯಾರು ಕಡೆದರೂ ಸರಳು ನೇರವಾಗದು. ಆದುದರಿಂದ ಕೊನೆಯ ಹದಿನೈದು ನಿಮಿಷಗಳು ಗುಡಿಸುವುದಕ್ಕೆ, ಒರಸುವುದಕ್ಕೆ, ಎಣ್ಣೆ ಹಾಕುವುದಕ್ಕೆ ಮೀಸಲು. ಅಲ್ಲಿ ಗುಡಿಸುವ ಜಾತಿಯೆಂದು ಬೇರೆಯಿರಲಿಲ್ಲ. ಮೇಸ್ತ್ರಿಗಳು ತಮ್ಮ ಸರದಿ ಮುಗಿದಾಗ ತಾವೇ ಪೊರಕೆ ಹಿಡಿಯುತ್ತಿದ್ದರು.

ಪಾಠಗಳಿಗೆ ಇದರಿಂದ ಹಾನಿಯಾಗುವುದೆಂದು ಯಾರೂ ಅಂಜಬೇಕಾಗಿಲ್ಲ. ಲೇತ್‌ನ ಮುಂದೆ ಗಣಿತವು ಜೀವ ತಳೆಯುವುದು. ಮೆದು ಉಕ್ಕನ್ನು ಹೈಸ್ಪೀಡ್ ಉಕ್ಕಿನ ಉಳಿಯಿಂದ ಕಡೆಯುವಾಗ ಸರಳಿನ ಮೇಲ್ಮೈಯು ಉಳಿಯ ಮುಂದೆ ನಿಮಿಷಕ್ಕೆ ಸುಮಾರು 30 ಮೀಟರಿನ ವೇಗದಲ್ಲಿ ಹಾದುಹೋಗುವುದು ಹಿತ. 25 ಮಿಲಿಮೀಟರ್ ವ್ಯಾಸದ ಸರಳಿನ ಪರಿಧಿ ಸುಮಾರು 78.5 ಮಿಲಿಮೀಟರ್, ಹಾಗಾದರೆ ನಿಮಿಷಕ್ಕೆ ಸುಮಾರು 380 ಸುತ್ತುಗಳು. ವ್ಯಾಸವು 50 ಆದರೆ ಸುತ್ತುಗಳು ಅರ್ಧವಾಗಬೇಕು. ಉಳಿಯು ಅರ್ಧ ಮಿಲಿಮೀಟರ್ ಒಳಹೋದರೆ ವ್ಯಾಸವು ಒಂದು ಮಿಲಿಮೀಟರ್ ಕುಗ್ಗುವುದು. ಇದನ್ನು ಮರೆತವನ ಸರಳು ಗುಜರಿಗೆ ಸೇರುವುದು. ಉಳಿಯನ್ನು ಎಳೆಯುವ ಲೀಡ್ ಸ್ಕ್ರೂವಿನ ತಿರುಪು 6 ಮಿಲಿಮೀಟರ್ ಅಂತರದ್ದಾಗಿದ್ದು, ನಮಗೆ 1.5 ಮಿಲಿಮೀಟರ್ ಅಂತರದ ತಿರುಪು ಬೇಕಾದರೆ, ಸರಳು ನಾಲ್ಕು ಸುತ್ತು ಸುತ್ತುವಾಗ ಲೀಡ್ ಸ್ಕ್ರೂ ಒಂದು ಸುತ್ತು ಸುತ್ತಬೇಕು. ಅನುಪಾತವೆಂದರೇನೆಂದು ಬಳಿಕ ಯಾರೂ ಕೇಳಲಾರರು.

ಈ ಸಲಹೆಗೆ ಆಕ್ಷೇಪಣೆಗಳಿಲ್ಲದಿಲ್ಲ. ಮೊದಲನೆಯದಾಗಿ, ಈಗ ಗಣಕವೇ ನಡೆಸುವ ಲೇತ್‌ಗಳು ಬಂದಿರುವಾಗ ಕೈಲೇತ್ ಏತಕ್ಕೆ ಎಂದು ಕೇಳುವರು. ಗಣಕದ ಲೇತ್ ಹೇಳಿದುದನ್ನು ಮಾಡುವುದು. ಹೇಳುವವನಿಗೆ ಲೋಹದ ಗುಣ ತಿಳಿದಿರಬೇಕು. ಮೊಂಡಾದ ಉಳಿಯ ಕಿರುಚಾಟವನ್ನೂ, ನೀಲಿ ತಿರುಗಿದ ಸಿಪ್ಪೆಯ ಬಿಸಿಯನ್ನೂ ಕೈಲೇತ್‌ನ ಮುಂದೆ ಅರಿತವನು ಅಂಕೆಗಳನ್ನು ಬರೆಯುವಾಗಲೂ ತಪ್ಪಲಾರನು. ಅಲ್ಲದೆ, ಆ ಕಾರ್ಖಾನೆಗಳಲ್ಲಿ ಆದೇಶವನ್ನು ಬರೆಯುವವರು ಒಬ್ಬರು, ಉಳಿಗಳನ್ನು ಹೊಂದಿಸುವವರು ಮತ್ತೊಬ್ಬರು, ಸರಳನ್ನು ಹಾಕುವವರು ಮೂರನೆಯವರು. ಒಬ್ಬರನ್ನೊಬ್ಬರು ನಂಬಬೇಕಾದ ಅಗತ್ಯವು ಅಲ್ಲಿ ಹೆಚ್ಚಿದೆಯೇ ಹೊರತು ಕಡಮೆಯಾಗಿಲ್ಲ.

ಎರಡನೆಯ ಆಕ್ಷೇಪಣೆ ಅಪಾಯದ್ದು. ಇದು ನಿಜವಾದ ಆಕ್ಷೇಪಣೆ. ಮೇಲೆ ಹೇಳಿದ ನನ್ನ ಅನುಭವವೇ ಅದಕ್ಕೆ ಸಾಕ್ಷಿ. ಸಾಕಷ್ಟು ತರಬೇತಿಯೂ ಬಲ್ಲವರ ಮೇಲ್ವಿಚಾರಣೆಯೂ ಇಲ್ಲದೆ ಎಳೆಯರು ಅಪಾಯಕರ ಯಂತ್ರದಲ್ಲಿ ದುಡಿಯಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಶಾಲೆಯು ಅದಕ್ಕಿಂತ ಬಿಗಿಯಾಗಿರಬೇಕು. ಒಂಬತ್ತನೆಯ ತರಗತಿಗಿಂತ ಕೆಳಗಿನವರು ಯಂತ್ರವನ್ನು ಮುಟ್ಟಬಾರದು. ಕೆಲಸ ಬಲ್ಲ ಹಿರಿಯರು ಪಕ್ಕದಲ್ಲಿಲ್ಲದೆ ವಿದ್ಯುತ್ತನ್ನು ಕೊಡಬಾರದು. ಕೈಗೆಟಕುವಲ್ಲಿ ತುರ್ತು ಸ್ವಿಚ್ಚೂ ಚಕ್ಕಿಗೆ ರಕ್ಷಣೆಯ ಮುಚ್ಚಳವೂ ಇರಬೇಕು. ಇವನ್ನು ಒದಗಿಸಲಾರದ ಶಾಲೆಯು ಲೇತ್ ಇಟ್ಟುಕೊಳ್ಳದಿರುವುದೇ ಲೇಸು.

ಮೂರನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಬಲವಾದುದು ಅದೇ. ಊರು ಬಿಟ್ಟು ನಾನೂರು ಮೈಲಿ ಬಂದು, ಹೊಗೆಯಲ್ಲಿ ಬೆಂದು ಓದಿಸಿದ್ದು ಮಗನ ಕೈಗೆ ಎಣ್ಣೆ ಮಸಿ ಹತ್ತಲೆಂದೇ ಎಂದು ತಂದೆತಾಯಿಗಳು ಮನಸ್ಸಿನಲ್ಲಿ ಕೇಳಿಕೊಳ್ಳುವರು. ನನ್ನ ತಂದೆಯವರೂ ಕೇಳಿಕೊಂಡಿರಬೇಕು. ಅವರಿಗೆ ನನ್ನ ಉತ್ತರ ಇದು: ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಯಂತ್ರಗಳ ಚಿತ್ರ ಬರೆಯುವುದನ್ನು ಕಲಿಸುವ ಅಧ್ಯಾಪಕರಾಗಿದ್ದು, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಒಂದು ದೊಡ್ಡ ಉದ್ಯಮವನ್ನು ಕಟ್ಟಿದರು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪನೆಯಾಗಿ ಲೇತ್‌ಗಳನ್ನು ತಯಾರಿಸಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾಯಿತು. ಹರಿಹರದ ಆ ಕಾರ್ಖಾನೆ ಇಂದು ಇಲ್ಲ. ಆದರೆ ಅದು ಮಾಡಿದ ಲೇತ್‌ಗಳು ಎಷ್ಟೋ ಪಟ್ಟರೆಗಳಲ್ಲಿ ಇನ್ನೂ ತಿರುಗುತ್ತಿವೆ. ಹರಿಹರವೆಂಬ ಹೆಸರು ಆ ಕಬ್ಬಿಣದ ಮೈಮೇಲೆ ಕಂಡಾಗ, ಈ ನಗರದ ಕನ್ನಡಿಗನಾದ ನನಗೆ ಊರಿನವರೊಬ್ಬರು ಸಿಕ್ಕಂತಾಗುತ್ತಿತ್ತು.

ಕೈಕೆಲಸವು ಶಿಕ್ಷಣದ ಭಾಗವಾಗಬೇಕೆಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಹೇಳಿದರು. 1964ರಿಂದ 1966ರವರೆಗೆ ನಡೆದ ಕೊಠಾರಿ ಆಯೋಗವು ಕಾರ್ಯಾನುಭವ ಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕುಶಲಕರ್ಮಿಗಳ ಬಳಿ ಕಲಿಯಲೆಂದು ಸೂಚಿಸಿತು. ಮಾತುಗಳಿಗೆ ಬರವಿಲ್ಲ. ನಮ್ಮ ಕಣ್ಣೆದುರಿಗೇ ಒಂದು ನಿದರ್ಶನವೂ ಇದೆ. ಪುರಸೈವಾಕ್ಕಂನಿಂದ ನಡೆದು ಹೋಗುವಷ್ಟು ದೂರದಲ್ಲಿ, ಪೂನಮಲ್ಲಿ ಹೆದ್ದಾರಿಯ ಮೇಲೆ, ವೈದ್ಯರಾದ ಅಲೆಕ್ಸಾಂಡರ್ ಹಂಟರರು 1850ರಲ್ಲಿ ಆರಂಭಿಸಿದ ಕಲಾಶಾಲೆಯಿದೆ. 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಅಲ್ಯುಮಿನಿಯಂ ಪಾತ್ರೆಗಳನ್ನು ಮಾಡಿಸಿ ನೋಡಿದುದು ಆ ಶಾಲೆಯ ಕಾರ್ಯಾಗಾರದಲ್ಲಿಯೇ. ಇದೇ ಚಾಟರ್ಟನ್ನರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕರಾದರು. ಒಂದು ಶಾಲೆಯ ಕಾರ್ಯಾಗಾರವು ಒಂದು ಉದ್ಯಮಕ್ಕೆ ತೊಟ್ಟಿಲಾಗಬಲ್ಲುದು.

ಹೊಸ ಲೇತ್ ಕೊಳ್ಳಲು ನಮ್ಮ ಶಾಲೆಗೆ ಹಣವಿಲ್ಲದಿರಬಹುದು. ಹಳೆಯದೇ ಸಾಕು; ಕೆಲಸ ನಿಲ್ಲಿಸಿದ ಪಟ್ಟರೆಗಳಿಂದ ಅವು ಮಾರಾಟಕ್ಕೆ ಬರುತ್ತಲೇ ಇರುವುವು. ರೈಲ್ವೆ ಕಾರ್ಯಾಗಾರಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಟರ್ನರ್‌ಗಳು ಈ ಸುತ್ತಿನಲ್ಲಿಯೇ ಇರುವರು. ಮಕ್ಕಳಿಗೆ ಕಲಿಸಿರೆಂದು ಕರೆದರೆ ಬರದಿರಲಾರರು. ಅವರು ತಮಿಳು ಮಾತನಾಡಲಿ, ತೆಲುಗು ಮಾತನಾಡಲಿ. ನಮ್ಮ ಮಕ್ಕಳು ಎರಡನ್ನೂ ಬಲ್ಲರು. ಒಂದು ತಂಡಕ್ಕೆ ಆರು ಮಂದಿ, ವಾರಕ್ಕೆ ಒಂದು ಮಧ್ಯಾಹ್ನ. ಮೊದಲ ತಿಂಗಳು ಯಂತ್ರವನ್ನು ಒರಸುವುದು, ಎಣ್ಣೆ ಹಾಕುವುದು, ಚಕ್ ಕೀಯನ್ನು ಎತ್ತಿ ತೋರಿಸುವುದು ಇಷ್ಟೇ. ಗೋಡೆಯ ಮೇಲೆ ಒಂದು ಸ್ಲೇಟು ಮರೆಯದೆ ಇರಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಬಹುಮಂದಿ ವೈದ್ಯರೋ ಲೆಕ್ಕಿಗರೋ ಗಣಕದ ಮುಂದೆ ಕೂರುವವರೋ ಆಗುವಿರಿ. ಆಗಲೂ ನೀವು ಬಿಟ್ಟ ಸ್ಥಳದಲ್ಲಿ ಮತ್ತೊಬ್ಬರು ಬಂದು ನಿಲ್ಲುವರು. ನೀವು ಬರೆದುದನ್ನು ನಂಬಿ ಮುಂದಿನ ಕೆಲಸ ಮಾಡುವರು. ಅವರ ಮುಖವನ್ನು ನೀವು ಕಾಣದಿರಬಹುದು. ನಾನು ಕಂಡೆನು; ಒರಳಿನ ಮುಂದೆ ರಾತ್ರಿಯಿಡೀ ನಿಂತ ನನ್ನ ತಂದೆಯವರದೇ ಆ ಮುಖ. ನಿಮಗೆ ಅಷ್ಟು ಬೆಲೆ ತೆರದೆ ಈ ಪಾಠ ದೊರಕಲೆಂದೇ ಇದನ್ನು ಬರೆದಿದ್ದೇನೆ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ನಿಮ್ಮಲ್ಲೊಬ್ಬರು ತಾವು ಕಡೆದ ಮೊದಲ ಬೋಲ್ಟಿನ ವಿಷಯವಾಗಿ ಬರೆಯುವಂತಾದರೆ, ಅದನ್ನು ಓದಲು ನಾನು ಖಂಡಿತವಾಗಿಯೂ ಬರುವೆನು. ಅದರ ತಿರುಪು ಎಷ್ಟು ನಯವಾಗಿತ್ತೆಂದು ಬರೆಯಿರಿ. ಕೊನೆಯಲ್ಲಿ ಬೆಡ್ಡನ್ನು ಒರಸಿ ಬಂದಿರೋ ಇಲ್ಲವೋ ಎಂಬುದನ್ನೂ ಬರೆಯಿರಿ.